ಅಳಿಸಿಹೋದ ಸುಣ್ಣದ ಗೆರೆ

ಹೊಸ ಶಾಲೆಯ ಪಾಯಕ್ಕೆಂದು ಮೇಸ್ತ್ರಿ ಮೌಲಾಸಾಬರು ದಾರ ಹಿಡಿದು ಎಳೆದ ಸುಣ್ಣದ ಗೆರೆಗೆ ತಾನು ನೆಟ್ಟಗಿದ್ದೇನೆಂಬ ಜಂಬ ಬಹಳ. ಅದಕ್ಕೆ ಅಡ್ಡ ಸಿಕ್ಕಿದ್ದು, ಹೊಂಗೆಮರವನ್ನು ಬಳಸಿಕೊಂಡು ಕೇರಿಗೆ ಹೋಗುವ ಕಾಲುದಾರಿ.

“ಏ ಸೊಟ್ಟ, ಆಚೆ ಸರಿ. ಇಲ್ಲಿ ಗೋಡೆ ಏಳುತ್ತದೆ, ಆ ಮರವನ್ನೂ ಕಡಿಯುತ್ತಾರೆ,” ಎಂದಿತು ಗೆರೆ.

“ನೆರಳಿನ ಆಸೆಗೆ ಸೊಟ್ಟಗಾದವನು ನಾನು. ಸಂಜೆವರೆಗೆ ಇದ್ದು ನೋಡಣ್ಣ,” ಎಂದಿತು ಕಾಲುದಾರಿ.

ಸಂಜೆ ಆಡಲು ಬಂದ ಮಕ್ಕಳು ಮನೆಗೆ ಓಡಿದ ಮೇಲೆ ನೋಡಿದರೆ, ಗೆರೆಯ ನಡುಭಾಗವೇ ಇರಲಿಲ್ಲ.

“ತುಳಿದು ಹಾಳುಮಾಡಿದರಲ್ಲ! ನನ್ನ ಸುಣ್ಣವೆಲ್ಲ ಎಲ್ಲಿ ಹೋಯಿತು?” ಎಂದು ಅದು ಕೂಗಾಡಿತು.

“ಕೂಗಬೇಡ, ಕೇರಿಯ ಕಡೆ ನೋಡು.”

ಹೊಂಗೆಯ ಬುಡ ಬಳಸಿ, ಒಂದೊಂದು ಮನೆಯ ಹೊಸ್ತಿಲವರೆಗೂ ಪುಟ್ಟ ಪುಟ್ಟ ಬಿಳಿ ಹೆಜ್ಜೆಗಳು ಹೋಗಿದ್ದವು. ಗೆರೆ ಅವನ್ನು ಒಂದೊಂದಾಗಿ ಎಣಿಸತೊಡಗಿತು.

ಮರುದಿನ ಮೌಲಾಸಾಬರು ಸುಣ್ಣದ ಡಬ್ಬಿ ಹಿಡಿದು, ಅಳಿಸಿದ್ದನ್ನು ಮತ್ತೆ ಎಳೆಯಲು ಬಗ್ಗಿದರು.

“ಬೇಡ ಮೇಸ್ತ್ರಿಗಳೇ,” ಎಂದಿತು ಗೆರೆ. “ಅಷ್ಟು ಜಾಗ ಹಾಗೇ ಬಿಡಿ. ಬಾಗಿಲು ಅಲ್ಲೇ ಇರಲಿ, ಮರದ ನೆರಳಿಗೆ.”

ಮೇಸ್ತ್ರಿ ಮರವನ್ನು ನೋಡಿದರು, ಹೆಜ್ಜೆಗಳನ್ನು ನೋಡಿದರು, ಡಬ್ಬಿಯ ಮುಚ್ಚಳ ಹಾಕಿದರು.