ಪೂರ್ತಿ ಇಳಿದ ದೇವತೆ

"ಸ್ವಾಮಿ, ನನಗೆ ನ್ಯಾಯ ಬೇಕು," ಅಂದೆ.

ಇನ್ನಾಸಪ್ಪ ಸ್ವಾಮಿಗಳು ಹೊಳೆದಂಡೆಯ ಕಲ್ಲಿನ ಮೇಲೆ ಕೂತು ಕಾಲಿನ ಉಗುರು ಕತ್ತರಿಸಿಕೊಳ್ಳುತ್ತಿದ್ದರು. ತಲೆ ಎತ್ತಲಿಲ್ಲ.

"ಎಷ್ಟು ಬೇಕು?"

"ತಮಾಷೆ ಅಲ್ಲ ಸ್ವಾಮಿ."

"ತಮಾಷೆ ಅಲ್ಲ ಅಂತ ನೀನು ಅಂದದ್ದು ಇದೇ ಮೊದಲು. ಹೇಳು."

ಹೇಳಿದೆ. ನಾನು ಅವ್ವನಿಗೆ ಬರೆದಿದ್ದ ಕಾಗದ ಲೂರ್ದಪ್ಪನ ಕೈಗೆ ಸಿಕ್ಕಿತ್ತು. ಆಶ್ರಮದ ಶಿಷ್ಯರೆಲ್ಲ ಊಟಕ್ಕೆ ಕೂತಿದ್ದಾಗ ಅವನು ಬೆಂಚು ಹತ್ತಿ, ಎಳೆಮಗುವಿನ ದನಿ ಮಾಡಿ, ಅದನ್ನು ಓದಿದ್ದ. 'ಅವ್ವಾ, ಇಲ್ಲಿ ಎಲ್ಲರನ್ನೂ ನಗಿಸೋನು ನಾನೇ. ನೀನು ನೆನಪಾದಾಗ ಮಾತ್ರ ಬಚ್ಚಲಿಗೆ ಹೋಗಿ ಅಳ್ತೀನಿ.'

ಅವತ್ತಿಂದ ಚೌರಿ ಅನ್ನೋ ನನ್ನ ಹೆಸರು ಹೋಗಿ ಪಾಪು ಆಗಿತ್ತು. ಬಚ್ಚಲ ಕಡೆ ಹೊರಟರೆ ಸಾಕು, "ಪಾಪು, ಕರ್ಚೀಫ್ ತಗೊಂಡ್ಯಾ?" ಅನ್ನೋರು. ಕಾಗದ ಅವ್ವನಿಗೆ ಹೋಗಲೇ ಇಲ್ಲ. ಸಾರಿನ ಪಾತ್ರೆಯಲ್ಲಿ ಬಿದ್ದು ಹಾಳಾಯಿತು.

"ಅವನಿಗೆ ಬೈದಿದ್ದೀನಲ್ಲಪ್ಪ. ತಪ್ಪಾಯ್ತು ಅಂದನಲ್ಲ ನಿನಗೆ."

"ನಗ್ತಾ ಅಂದ ಸ್ವಾಮಿ."

"ಏನಾದರೆ ಸಾಕು ನಿನಗೆ?"

"ಅವನ ಮಾನ ಹೋಗಬೇಕು. ನಂದು ಹದಿನಾಲ್ಕು ಜನರ ಮುಂದೆ ಹೋಯ್ತು. ಅವಂದು ನೂರು ಜನರ ಮುಂದೆ ಹೋಗಬೇಕು."

"ಮಿಕ್ಕ ಎಂಬತ್ತಾರು ಜನ ಯಾಕೋ?"

"ಕೊಸರು."

ಸ್ವಾಮಿಗಳು ಕತ್ತರಿ ಪಕ್ಕಕ್ಕಿಟ್ಟರು. "ಈ ಸಲ ಈಸ್ಟರಿಗೆ ಮುಂಚೆ, ತಪಸ್ಸುಕಾಲದಲ್ಲಿ ಒಂದು ನಾಟಕ ಆಡೋಣ," ಅಂದರು.

ನಾನು ಕೇಳಿದ್ದು ನ್ಯಾಯ. ಸಿಕ್ಕಿದ್ದು ನಾಟಕ.

ಸ್ವಾಮಿಗಳಿಗೆ ಹಳೇ ಗ್ರೀಕರ ದುರಂತ ನಾಟಕಗಳ ಹುಚ್ಚು. ಯೇಸು ಹುಟ್ಟೋದಕ್ಕೆ ನಾನೂರು, ಐನೂರು ವರ್ಷ ಮುಂಚಿನವು. ಅದೇ ಧಾಟಿಯಲ್ಲಿ ತಾವೇ ಒಂದು ಕಟ್ಟಿ, ನಮ್ಮನ್ನು ಕೂರಿಸಿಕೊಂಡು ಕಥೆ ಹೇಳಿದರು.

ಒಂದು ನೀರಿನ ಊಟೆಗಾಗಿ ಅಣ್ಣ ತಮ್ಮನನ್ನು ಕೊಲ್ಲುತ್ತಾನೆ. ತಮ್ಮನ ಹೆಂಡತಿ ಅಣ್ಣನಿಗೆ ವಿಷ ಹಾಕುತ್ತಾಳೆ. ಅಣ್ಣನ ಮಗ ಅವಳ ಮನೆಗೆ ಬೆಂಕಿ ಇಡುತ್ತಾನೆ. ಅವಳ ಮಗಳೊಬ್ಬಳು ಉಳಿದುಕೊಂಡು, ಚೂರಿ ಹಿಡಿದು ಅವನ ಎದೆ ಮೇಲೆ ಕೂರುತ್ತಾಳೆ.

"ತಪ್ಪು ಯಾರದು?" ಅಂತ ಸ್ವಾಮಿಗಳು ಕೇಳಿದರು.

"ಮೊದಲನೆಯವನದು ಸ್ವಾಮಿ," ಅಂದೆ. "ಮಿಕ್ಕವರೆಲ್ಲ ನ್ಯಾಯವೇ ಮಾಡಿದ್ದು."

"ಸರಿಯಾಗಿ ಹೇಳಿದೆ. ಎಲ್ಲರೂ ನ್ಯಾಯವಂತರು, ಎಲ್ಲರೂ ಹೆಣ. ಗ್ರೀಕರು ಇದನ್ನ ಕಣ್ಣು ಮುಚ್ಚದೆ ನೋಡಿದರು ಕಣೋ. ನೋಡಿ ಅತ್ತರು. ಹೊರಗೆ ಬರೋಕೆ ಬಾಗಿಲು ಹುಡುಕಿದರು."

"ಸಿಕ್ತಾ?"

"ಕೆಲವು ನಾಟಕದಲ್ಲಿ ರಾಟೆಗೆ ಹಗ್ಗ ಕಟ್ಟಿ ಮೇಲಿಂದ ದೇವರನ್ನ ಇಳಿಸೋರು. ದೇವರು ಅಲ್ಲೇ ಗಾಳಿಯಲ್ಲಿ ತೂಗಾಡ್ತಾ ತೀರ್ಪು ಹೇಳಿ ವಾಪಸ್ಸು ಹೋಗೋನು."

"ನೆಲಕ್ಕೆ ಇಳೀತಿರಲಿಲ್ವಾ?"

"ನೆಲದ ತುಂಬ ರಕ್ತ, ಕೆಸರು. ಯಾವ ದೇವರು ಕಾಲಿಡ್ತಾನೆ ಹೇಳು?" ಅಂದು ನನ್ನ ಮುಖವನ್ನೇ ನೋಡಿದರು.

ನನಗೆ ಉತ್ತರ ಹೊಳೆಯಲಿಲ್ಲ. ಉಪಾಯ ಹೊಳೆಯಿತು.

ದೇವತೆಯ ಪಾತ್ರ ಲೂರ್ದಪ್ಪನಿಗೆ ಬಂದಿತ್ತು. ಅವನಿಗೆ ದನಿ ಚೆನ್ನಾಗಿದೆಯಂತೆ! ಹಗ್ಗ ಬಿಡೋ ಕೆಲಸ ನನಗೆ. ದೇವತೆಗೆ ಮಾತ್ರ ಸ್ವಾಮಿಗಳು ಮಾತೇ ಬರೆದಿರಲಿಲ್ಲ. ಕೇಳಿದರೆ, "ಇಳಿದ ಮೇಲೆ ನೋಡೋಣ," ಅನ್ನುತ್ತಿದ್ದರು.

ನಾಟಕದ ದಿನ ಬೆಳಗ್ಗೆ ಕೈಗೆ ಬಟ್ಟೆ ಸುತ್ತಿಕೊಂಡು, ಬೇಲಿಯಲ್ಲಿ ಒಣಗಿದ್ದ ನಸುಗುನ್ನಿ ಕಾಯಿ ಕಿತ್ತೆ. ಅದರ ಮೇಲಿನ ಕಂದು ರೋಮ ಮೈಗೆ ತಾಗಿದರೆ ಎಂಥ ಮನುಷ್ಯನೂ ಮಂಗನ ಹಾಗೆ ಕೆರೆದುಕೊಳ್ಳುತ್ತಾನೆ. ದೇವತೆಯ ಬಿಳಿ ನಿಲುವಂಗಿಯ ಬೆನ್ನಿಗೆ, ಒಳಗಡೆಯಿಂದ, ಪ್ರೀತಿಯಿಟ್ಟು ತಿಕ್ಕಿದೆ. ಅರ್ಧಕ್ಕೆ ಇಳಿಸಿ ಹಗ್ಗ ಮರದ ಬೇರಿಗೆ ಬಿಗಿದುಬಿಡೋದು. ನೂರು ಜನರ ತಲೆ ಮೇಲೆ ದೇವತೆ ಕುಣಿಯಬೇಕು.

ಸಂಜೆ ಊರಿನವರು, ಕಾನ್ವೆಂಟಿನ ಸಿಸ್ಟರುಗಳು ಬಂದು ಮರಳಿನಲ್ಲಿ ಕೂತರು. ಅತ್ತಿಮರದ ಕೊಂಬೆಯಲ್ಲಿ ಬುಟ್ಟಿ ತೂಗುತ್ತಿತ್ತು. ಲೂರ್ದಪ್ಪ ನಿಲುವಂಗಿಗೆ ಕೈ ಹಾಕಿದ.

"ತಡಿ," ಅಂದರು ಸ್ವಾಮಿಗಳು. "ಇವತ್ತು ದೇವತೆ ನಾನು."

"ನಿಮಗೆ ಎಪ್ಪತ್ತೊಂದು ಸ್ವಾಮಿ!" ಅಂದ ಲೂರ್ದಪ್ಪ.

"ದೇವತೆಗಳ ವಯಸ್ಸು ಕೇಳಬಾರದು ಕಣೋ."

"ಬೇಡಿ ಸ್ವಾಮಿ," ಅಂದೆ ನಾನು.

"ಯಾಕೆ ಬೇಡ?"

ಹೇಳಬಹುದಿತ್ತು. ಹೇಳಿದರೆ ಆಶ್ರಮದಿಂದ ಓಡಿಸುತ್ತಾರೆ. ಸ್ವಾಮಿಗಳನ್ನು ಬಿಟ್ಟು ನಾನು ಎಲ್ಲಿಗೆ ಹೋಗಲಿ?

"ಹಗ್ಗ ಹಳೇದು ಸ್ವಾಮಿ."

"ಹಿಡಿಯೋನು ನೀನಿದ್ದೀಯಲ್ಲ," ಅಂದು ತಮ್ಮ ಅಂಗಿ ಬಿಚ್ಚಿ, ಬರೀ ಮೈ ಮೇಲೆ ನಿಲುವಂಗಿ ಹಾಕಿಕೊಂಡರು. ಏಣಿ ಹತ್ತಿ ಬುಟ್ಟಿಯಲ್ಲಿ ಕೂತರು.

ನಾಟಕ ಸಾಗಿತು. ಮೂರು ಹೆಣ ಬಿತ್ತು. ಹುಡುಗಿ ವೇಷದವನು ಮರದ ಚೂರಿ ಎತ್ತಿ ಶತ್ರುವಿನ ಎದೆ ಮೇಲೆ ಕೂತ. ನಾನು ಹಗ್ಗ ಮೆಲ್ಲಗೆ ಬಿಟ್ಟೆ.

ಅರ್ಧಕ್ಕೆ ಬಂದಾಗ ನನ್ನ ಕೈ ತಾನಾಗಿಯೇ ನಿಂತಿತು.

ಮೇಲೆ ನೋಡಿದೆ. ಸ್ವಾಮಿಗಳ ದವಡೆ ಬಿಗಿದಿತ್ತು. ಹಣೆಯಿಂದ ಬೆವರು ಇಳಿಯುತ್ತಿತ್ತು. ಎರಡೂ ಕೈಯಲ್ಲಿ ಬುಟ್ಟಿಯ ಅಂಚು ಹಿಡಿದುಕೊಂಡಿದ್ದರು. ಕೆರೆದುಕೊಳ್ಳಲಿಲ್ಲ.

"ಚೌರಿ, ಪೂರ್ತಿ ಇಳಿಸು."

"ಗ್ರೀಕರ ದೇವರು ಅಲ್ಲೇ ನಿಲ್ಲೋದಲ್ವಾ ಸ್ವಾಮಿ?" ಅಂತ ಲೂರ್ದಪ್ಪ ಪಿಸುಗುಟ್ಟಿದ.

"ಇಳಿಸು ಮಗಾ."

ಇಳಿಸಿದೆ. ಬರಿಗಾಲಲ್ಲಿ ಮರಳಿಗೆ ಇಳಿದು, ಹೆಣಗಳನ್ನು ದಾಟಿ, ಅವರಿಬ್ಬರ ಹತ್ತಿರ ಹೋಗಿ ಮಂಡಿಯೂರಿದರು. ಸುಮ್ಮನೆ ಕೈ ಚಾಚಿದರು. ಹುಡುಗಿ ವೇಷದವನು ಏನು ಮಾಡಬೇಕೋ ತಿಳಿಯದೆ ಚೂರಿ ಕೊಟ್ಟುಬಿಟ್ಟ.

ಸ್ವಾಮಿಗಳು ಆ ಚೂರಿಯನ್ನು ಕತ್ತಿನ ಹಿಂದಿನಿಂದ ನಿಲುವಂಗಿಯೊಳಗೆ ತೂರಿಸಿ ಬೆನ್ನು ಕೆರೆದುಕೊಂಡರು.

"ಅಯ್ಯಪ್ಪಾ!"

ಮರಳಿಗೆ ಮರಳೇ ನಕ್ಕಿತು. ಸಿಸ್ಟರುಗಳು ಮುಸುಕು ಬಾಯಿಗೆ ಒತ್ತಿಕೊಂಡರು. ಹೆಣಗಳು ಎದ್ದು ಕೂತು ನಕ್ಕವು. ಇಷ್ಟು ಜನರನ್ನು ನಾನು ಯಾವತ್ತೂ ನಗಿಸಿರಲಿಲ್ಲ. ನಾನೊಬ್ಬ ಮಾತ್ರ ನಗಲಿಲ್ಲ.

ಆಮೇಲೆ ಕೊಟ್ಟಿಗೆಯ ಹಿಂದೆ ಸ್ವಾಮಿಗಳು ಮಣೆ ಹಾಕಿಕೊಂಡು ಕೂತಿದ್ದರು. ಬೆನ್ನು ಪೂರ್ತಿ ಕೆಂಪಗೆ ಊದಿತ್ತು. ನಸುಗುನ್ನಿಗೆ ನಮ್ಮ ಕಡೆ ಸಗಣಿಯೇ ಮದ್ದು. ಮಂಕರಿಯಲ್ಲಿ ತಂದೆ.

"ಕೆರೆಯಬೇಡ. ಮೆತ್ತಗೆ ಬಳಿ."

ಬಳಿದೆ.

"ಗೊತ್ತಿತ್ತಾ ಸ್ವಾಮಿ?"

"ಬೆಳಗ್ಗೆಯಿಂದ ಬೆರಳ ಸಂದಿ ಕೆರ್ಕೊಂಡು ಓಡಾಡ್ತಿದ್ದೀಯ. ಹುಟ್ಟಿದಾಗಿಂದ ಒಂದು ಬಟ್ಟೆ ಮಡಿಸಿಟ್ಟವನಲ್ಲ, ಆ ನಿಲುವಂಗೀನ ಇಸ್ತ್ರಿ ಮಾಡಿದ ಹಾಗೆ ಮಡಿಸಿಟ್ಟಿದ್ದೆ."

"ಹೊಳೆಗೆ ಎಸೀಬೇಕಿತ್ತು ಅದನ್ನ."

"ಎಸೆದಿದ್ದರೆ?"

ಯೋಚನೆ ಮಾಡಿದೆ. "ನಾಳೆ ಅವನ ಹಾಸಿಗೆಗೆ ಹಾಕ್ತಿದ್ದೆ. ಎರಡು ಕಾಯಿ ಎತ್ತಿಟ್ಟಿದ್ದೀನಿ."

"ನೋಡಿದೆಯಾ."

"ನನ್ನನ್ನ ಹಿಡಿದು ನಾಲ್ಕು ಬಾರಿಸಬಹುದಿತ್ತು."

"ಆ ನಾಲ್ಕನ್ನೂ ಲೂರ್ದಪ್ಪನ ತಲೆಗೇ ಕಟ್ತಿದ್ದೆ ನೀನು."

ನಿಜ. ಕಟ್ಟುತ್ತಿದ್ದೆ.

"ತುಂಬಾ ಉರೀತಿದೆಯಾ ಸ್ವಾಮಿ?"

"ಉರೀತಿದೆ ಮಗಾ," ಅಂದರು. ಏನೂ ತಮಾಷೆ ಮಾಡಲಿಲ್ಲ.

ಕಣ್ಣು ಒರೆಸಿಕೊಳ್ಳೋಣ ಅಂದರೆ ನನ್ನ ಎರಡು ಕೈಯೂ ಸಗಣಿ.

ಅಷ್ಟರಲ್ಲಿ ಲೂರ್ದಪ್ಪ ನಗುತ್ತಾ ಬಂದ. ಬೆನ್ನು ಕಂಡ ಕೂಡಲೇ ನಗು ನಿಂತಿತು.

"ಏನಿದು ಸ್ವಾಮಿ?"

ಸ್ವಾಮಿಗಳು ಮಾತಾಡಲಿಲ್ಲ. ಅವರು ನನ್ನನ್ನು ಬಿಟ್ಟುಕೊಡೋದಿಲ್ಲ ಅಂತ ನನಗೆ ಗೊತ್ತಾಯಿತು. ಅದಕ್ಕೇ ನಾನು ಬಾಯಿ ಬಿಟ್ಟೆ.

"ನಸುಗುನ್ನಿ. ನಾನೇ ಹಾಕಿದ್ದು. ನಿನಗೆ ಅಂತ ಹಾಕಿದ್ದು."

ಲೂರ್ದಪ್ಪ ಬೆನ್ನನ್ನೇ ನೋಡಿದ.

"ಇಷ್ಟೂ ನನಗಾ?"

"ಇಷ್ಟೂ."

ಅವನ ಮುಖಕ್ಕೆ ರಕ್ತ ನುಗ್ಗಿತು. "ಸ್ವಾಮಿ, ಇವನಿಗೆ ಶಿಕ್ಷೆ ಕೊಡಲ್ವಾ? ಆಶ್ರಮದಿಂದ ಕಳಿಸಲ್ವಾ?"

ಸ್ವಾಮಿಗಳು ತಿರುಗಿ ಅವನನ್ನು ನೋಡಿದರು, ಅಷ್ಟೆ. ನೋಡುತ್ತಲೇ ಇದ್ದರು. ಲೂರ್ದಪ್ಪನ ತಲೆ ತಗ್ಗಿತು. ಸಣ್ಣ ದನಿಯಲ್ಲಿ ಕೇಳಿದ:

"ಮತ್ತೆ... ಆ ಕಾಗದ ಓದಿದ್ದಕ್ಕೆ ನನಗೆ ಸ್ವಾಮಿ?"

"ಎಲ್ಲಿಂದ ತರಲೋ ಶಿಕ್ಷೆನ?" ಅಂದರು ಸ್ವಾಮಿಗಳು. "ಇದ್ದದ್ದೆಲ್ಲ ನನ್ನ ಬೆನ್ನ ಮೇಲೇ ಖರ್ಚಾಗಿ ಹೋಯ್ತು. ಸುಮ್ಮನೆ ನಿಂತ್ಕೋಬೇಡ, ಸಗಣಿಗೆ ಕೈ ಹಾಕು."