ಬಳೆಗಾರ್ತಿ ತುಳಸವ್ವ ಗರಡಿ ಹೊಕ್ಕಿದ್ದು

ಬಹಳ ಹಿಂದೆ, ಹಳ್ಳದ ದಂಡೆಯ ಒಂದು ಊರಿನಲ್ಲಿ ತುಳಸವ್ವ ಎಂಬ ಬಳೆಗಾರ್ತಿ ಇದ್ದಳಂತೆ. ಎಷ್ಟು ಹಿಂದೆ ಅಂತ ಕೇಳಬೇಡಿ. ನನ್ನ ಅಜ್ಜಿಗೆ ಅವಳ ಅಜ್ಜಿ ಹೇಳಿದ ಮಾತಿದು. ಹತ್ತಿರ ಸರಿದು ಕೂತು ಕೇಳಿ.

ಎಂಟು ಊರಿನ ಹೆಂಗಸರ ಕೈಯಳತೆ ಅವಳಿಗೆ ಬಾಯಿಪಾಠವಂತೆ. ಬಳೆ ಪೋಣಿಸಿದ ಮಲಾರ ಹೆಗಲಿಗೇರಿಸಿ ಹೊರಟಳೆಂದರೆ ಸಪ್ಪಳ ಕೇಳಿಯೇ ಮನೆಮನೆಯ ಕದ ತೆರೆಯುತ್ತಿತ್ತಂತೆ. ಅಂಥವಳಿಗೆ ಐವತ್ತರ ಹತ್ತಿರ ಮುಟ್ಟು ನಿಂತಿತು. ಕೂತಲ್ಲೇ ಮೈಯೆಲ್ಲ ಕಾವೇರುವುದು, ಮರುಗಳಿಗೆ ಬೆವರು ಸುರಿಯುವುದು. ನಿದ್ದೆ ಇಲ್ಲ. ಸುಮ್ಮಸುಮ್ಮನೆ ಸಿಟ್ಟು. ಮೊಣಕಾಲು ಮಾತು ಕೇಳದಾದವು. ನಾಗರಪಂಚಮಿಯ ಹಿಂದಿನ ದಿನ ಹಳ್ಳ ದಾಟುವಾಗ ದಾಟುಗಲ್ಲುಗಳ ಸಾಲಿನ ನಡುಗಲ್ಲಿನ ಮೇಲೆ ಕಾಲು ಕುಸಿದು ಬಿದ್ದೇಬಿಟ್ಟಳು. ಹಬ್ಬಕ್ಕೆಂದು ತಂದ ಹಸಿರು ಬಳೆಯೆಲ್ಲ ಚೂರುಚೂರು!

ಸೊಸೆ ಕಸ್ತೂರೆವ್ವ ಕೆಟ್ಟವಳಲ್ಲ. ಗಾಯಕ್ಕೆ ಅರಿಸಿನ ಹಚ್ಚಿ, ಒಳಮನೆಯ ಮೂಲೆಯಲ್ಲಿ ಕಂಬಳಿ ಹಾಸಿ, "ಸಾಕ್ರಿ ಅತ್ತಿ, ಇನ್ನ ಮಲಾರ ನಾ ಹೊರತೀನಿ. ನೀವು ಇಲ್ಲೇ ಕುಂದರ್ರಿ" ಅಂದಳು. ತುಳಸವ್ವ ಆ ಮೂಲೆಯನ್ನೇ ನೋಡಿದಳು. ಅವಳ ಅತ್ತೆಯೂ ಅದೇ ಮೂಲೆಯಲ್ಲಿ ಕೂತಿದ್ದಳು. ಕೂತವಳು ಮತ್ತೆ ಎದ್ದಿರಲಿಲ್ಲ.

ಮೂರು ದಿನ ಯೋಚಿಸಿದಳಂತೆ. ಊರಲ್ಲಿ ವಯಸ್ಸಾದರೂ ಕಾಲು ಗಟ್ಟಿ ಇರುವವರು ಯಾರು? ಗರಡಿ ಮನೆಯಲ್ಲಿ ಕುಸ್ತಿ ಕಲಿಸುವ ವಸ್ತಾದ ಫಕೀರಪ್ಪ! ಎಪ್ಪತ್ತಾದರೂ ದಿನಕ್ಕೆ ಇನ್ನೂರು ಬಸ್ಕಿ ಹೊಡೆಯುವ ಆಸಾಮಿ. ನಾಲ್ಕನೆಯ ದಿನ ಬೆಳಗ್ಗೆ ಸೆರಗು ಸೊಂಟಕ್ಕೆ ಬಿಗಿದು ಹೋಗಿ ಗರಡಿಯ ಬಾಗಿಲಲ್ಲಿ ನಿಂತಳು. ಪೈಲವಾನರು ಹೌಹಾರಿ ಲಂಗೋಟಿಯ ಮೇಲೆ ಸಿಕ್ಕಿದ್ದು ಸುತ್ತಿಕೊಂಡರಂತೆ.

ಫಕೀರಪ್ಪ ಹೊಸ್ತಿಲಲ್ಲೇ ತಡೆದ. "ತುಳಸವ್ವ, ಒಳಗ ಹನುಮಪ್ಪ ಅದಾನ. ಮುಟ್ಟಾಗೋ ಹೆಣಮಕ್ಕಳು ಈ ಹೊಸ್ತಿಲ ದಾಟಂಗಿಲ್ಲ. ಹಿರೇರ ಮಾತು."

"ಹಿರೇರು ಅಂದದ್ದು ಅಷ್ಟೇ ಏನ್ರಿ?"

"ಅಷ್ಟ."

"ಹಂಗಾದ್ರ ಅತ್ತಾಗ ಸರೀರಿ ವಸ್ತಾದರ. ನನಗ ನಿಂತು ವರ್ಷಾತು."

ಪೈಲವಾನರೆಲ್ಲ ನೆಲ ನೋಡಿದರು. ಫಕೀರಪ್ಪ ಹನುಮಪ್ಪನ ಮುಖ ನೋಡಿದ. ಹನುಮಪ್ಪನೂ ತಡೆಯಲಿಲ್ಲ, ವಸ್ತಾದ ಹೊಸ್ತಿಲು ಬಿಟ್ಟು ಸರಿದನಂತೆ.

ವಸ್ತಾದ ಅಷ್ಟಕ್ಕೆ ಸೋಲುವವನೇ? ಹೊಸಬರು ಮೊದಲು ಅಖಾಡದ ಕೆಂಪು ಮಣ್ಣು ಅಗೆಯಬೇಕು, ಮಜ್ಜಿಗೆ, ಎಣ್ಣೆ, ಅರಿಸಿನ ಹಾಕಿ ಹದ ಮಾಡಬೇಕು ಅಂತ ಹೇಳಿ ಕೈಗೆ ಗುದ್ದಲಿ ಕೊಟ್ಟ. ಎರಡು ದಿನಕ್ಕೆ ಓಡಿಹೋಗುತ್ತಾಳೆ ಅಂತ ಅವನ ಎಣಿಕೆ. ಮೊದಲ ದಿನ ಹತ್ತು ಏಟಿಗೆ ಉಸಿರು ಕಟ್ಟಿತು. ಮರುದಿನ ಹನ್ನೆರಡು. ಮೈ ಕಾವೇರಿದಾಗ ತಣ್ಣನೆಯ ಮಣ್ಣಿನಲ್ಲಿ ಕೈ ಹುಗಿದು ಕೂರುವಳು, ಕಾವಿಳಿದ ಮೇಲೆ ಮತ್ತೆ ಅಗೆಯುವಳು. ಮನೆಯಲ್ಲಿ ಎಲ್ಲರೂ ಉಂಡು ಉಳಿದದ್ದನ್ನು ಉಣ್ಣುವುದು ಬಿಟ್ಟಳು. ತನಗೂ ಒಂದು ಲೋಟ ಹಾಲು, ಒಂದು ಎಳ್ಳುಂಡೆ ಎತ್ತಿಟ್ಟುಕೊಂಡಳು. ತಿಂಗಳೊಳಗೆ ಕಣ್ತುಂಬ ನಿದ್ದೆ ಬಂತಂತೆ. ಮೂರು ತಿಂಗಳಿಗೆ ಗೋಡೆ ಹಿಡಿದು ಮೊದಲ ಬಸ್ಕಿ ಹೊಡೆದಳು. ಆಮೇಲೆ ಗೋಡೆಯೂ ಬೇಡವಾಯಿತು. ಫಕೀರಪ್ಪ ಎದುರು ನಿಂತು ತಾನೇ ಎಣಿಸತೊಡಗಿದ.

ಮುಂದಿನ ಪಂಚಮಿ ಬಂತು ನೋಡಿ! ಹಳ್ಳ ತುಂಬಿ ಹರಿಯುತ್ತಿದೆ, ದಾಟುಗಲ್ಲುಗಳ ನೆತ್ತಿ ಮಾತ್ರ ಕಾಣುತ್ತಿದೆ. ಆಚೆಯ ಏಳು ಊರಿನ ಹೆಂಗಸರು ಹೊಸ ಬಳೆಗೆ ಕಾಯುತ್ತಿದ್ದಾರೆ. ಕಸ್ತೂರೆವ್ವ ಅಳುತ್ತ ಅತ್ತೆಯ ಸೆರಗು ಹಿಡಿದಳು. ತುಳಸವ್ವ ಬಿಡಿಸಿಕೊಂಡು ಮಲಾರ ಹೆಗಲಿಗೇರಿಸಿದಳು. ಅದರಲ್ಲಿ ಇನ್ನೂರು ಡಜನ್ ಬಳೆ ಇದ್ದವಂತೆ. ಹೋದ ವರ್ಷ ನಾನೇ ನೂರೈವತ್ತು ಅಂದಿದ್ದೆ, ಇರಲಿ ಬಿಡಿ.

ಅದೇ ನಡುಗಲ್ಲಿನ ಮೇಲೆ ಕಾಲು ಜಾರಿತು! ದಂಡೆಯ ಮೇಲಿದ್ದವರೆಲ್ಲ ಅಯ್ಯೋ ಅಂದರು. ಮೊಣಕಾಲು ಮಡಚಿತು. ಆದರೆ ಕುಸಿಯಲಿಲ್ಲ, ಬಸ್ಕಿಗೆ ಕೂತಿತು! ಪೂರ್ತಿ ಕೂತು, ಮಲಾರವನ್ನು ನೀರಿನಿಂದ ಒಂದು ಗೇಣು ಮೇಲೆ ಹಿಡಿದು, ಉಸಿರು ಬಿಗಿಹಿಡಿದು, ತುಳಸವ್ವ ಎದ್ದೇಬಿಟ್ಟಳು! ಒಂದೇ ಒಂದು ಬಳೆ ಒಡೆಯಲಿಲ್ಲವಂತೆ. ಈಚೆ ದಂಡೆಯಲ್ಲಿ ಫಕೀರಪ್ಪ ತೊಡೆ ತಟ್ಟಿ, "ಶಾಬಾಸ್ ತುಳಸವ್ವ!" ಅಂತ ಕೂಗಿದ್ದು ಎಂಟು ಊರಿಗೂ ಕೇಳಿಸಿತಂತೆ. ನನಗೆ ಈಗಲೂ ಇದನ್ನು ಹೇಳುವಾಗ ಮೈ ಜುಮ್ಮೆನ್ನುತ್ತದೆ.

ಇವತ್ತಿಗೂ ಆ ಊರಿನಲ್ಲಿ ಹೆಣ್ಣುಮಗಳಿಗೆ ಮುಟ್ಟು ನಿಂತು ವರ್ಷವಾದರೆ, ಓರಗೆಯವರೆಲ್ಲ ಸೇರಿ ಅವಳ ಎರಡೂ ಕೈತುಂಬ ಹಸಿರು ಬಳೆ ಇಡಿಸಿ ಗರಡಿಗೆ ಕರೆದೊಯ್ಯುತ್ತಾರೆ. ವಸ್ತಾದನೇ ಗುದ್ದಲಿ ಕೊಡುತ್ತಾನೆ. ಹಾಗೆ ಮೊದಲು ಗುದ್ದಲಿ ಹಿಡಿದವಳು ಕಸ್ತೂರೆವ್ವ. ಕೈ ಹಿಡಿದು ಹೊಸ್ತಿಲು ದಾಟಿಸಿದ್ದು ಅವಳ ಮುದುಕಿ ಅತ್ತೆ.

ಇನ್ನೊಂದು ಮಾತು. ಆ ಊರಿನ ಮನೆಗಳಲ್ಲಿ ಒಳಮನೆಯ ಮೂಲೆ ಯಾವತ್ತೂ ಖಾಲಿ ಇರುವುದಿಲ್ಲ. ಯಾರೂ ಹೋಗಿ ಕೂರದಿರಲಿ ಅಂತ ಅಲ್ಲೊಂದು ಜೋಳದ ಚೀಲ ಇಟ್ಟಿರುತ್ತಾರೆ.