ಮುಳ್ಳು ಕಿತ್ತ ಮೇಲಿನ ನೋವು

ತಾಳೆಮರವನ್ನೇ ಕಿತ್ತು ಬೆನ್ನು ತುರಿಸಿಕೊಳ್ಳುತ್ತಿದ್ದ ಆನೆಯೊಂದಿತ್ತು. ಅಂಥದ್ದರ ಕಾಲಿಗೂ ಮುಳ್ಳು ನೆಟ್ಟಿತು. ವರ್ಷವಿಡೀ ಒಂದು ಇರುವೆ ಕಾಲಿನಿಂದ ಕಿವಿಗೆ ಓಡಿ, "ಮುಳ್ಳು, ಮುಳ್ಳು!" ಎಂದು ಸುದ್ದಿ ಮುಟ್ಟಿಸಿತು. ಕೊನೆಗೆ ಕಾಗೆ ಮುಳ್ಳು ಕಿತ್ತಿತು, ಗಾಯವೂ ಮಾಯಿತು. ಆದರೂ ನೋವು ಹೋಗಲಿಲ್ಲ. ಹೊಳೆಗಿಳಿಯಲಾರದೆ ಆನೆ ಬಾಯಾರಿ ನಿಂತಿತು.

"ಎಲೈ ಕಳ್ಳಕಾಗೆ, ಮುಳ್ಳಿನ ತುದಿ ಒಳಗೇ ಬಿಟ್ಟೆಯಲ್ಲವೇ?"

"ಇಲ್ಲ ದೊಡ್ಡಯ್ಯ."

"ಹಾಗಾದರೆ ನನ್ನ ನೋವು ಸುಳ್ಳೋ?"

"ನೋವು ನಿಜವೇ. ಓಡಿ ಓಡಿ ಇರುವೆಯ ದಾರಿ ನುಣುಪಾಗಿದೆ. ಈಗ ಇಬ್ಬನಿ ತಾಕಿದರೂ ಇರುವೆ ಓಡಿಬಂದು ಮುಳ್ಳೆಂದೇ ಕೂಗುತ್ತದೆ. ಮೆಲ್ಲಗೆ ನಡೆಯಿರಿ."

ಆನೆ ನಂಬಲಿಲ್ಲ. ಆದರೆ ಬಾಯಾರಿಕೆ ತಾಳದೆ, ಕಾಗೆಯ ಮೇಲೊಂದು ಕಣ್ಣಿಟ್ಟೇ ಹೆಜ್ಜೆ ಹಾಕಿತು. ಇರುವೆ ಕಿರುಚಿತು. ಪ್ರತಿ ಹೆಜ್ಜೆಗೂ ಕಿರುಚಿತು. ಆನೆ ಹೊಳೆ ಮುಟ್ಟುವಷ್ಟರಲ್ಲಿ ಇರುವೆಯ ಗಂಟಲೇ ಕಟ್ಟಿಹೋಗಿತ್ತು.